ವಾರ್ಲಿ ಚಿತ್ರಕಲೆ ಮತ್ತು ರಾಷ್ಟ್ರಮನ್ನಣೆ: ಒಂದು ವಿಚಾರ

ಜನಪದ ಕಲಾವಿದರಿಗೆ ದೊರೆತ ರಾಷ್ಟ್ರಮನ್ನಣೆಯ ಇತಿಹಾಸವನ್ನು ಪರಿಶೀಲಿಸುವವರಿಗೆ ಠಾಣೆ ಜಿಲ್ಲೆಯ ವಾರ್ಲಿ ಚಿತ್ರಕಲೆ ವಿಶಿಷ್ಟವಾದ ನಿದರ್ಶನವಾಗಿ ಒದಗುತ್ತದೆ. ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿ ನೀಡುವ ಪದ್ಧತಿ ನಮ್ಮ ದೇಶದಲ್ಲಿ 1965ರಲ್ಲಿ ಆರಂಭವಾಯಿತು. 1976ರಲ್ಲಿ ಅದು ಡಹಾಣೂ ತಾಲ್ಲೂಕಿನ ಜಿವ್ಯಾ ಸೋಮಾ ಮ್ಹಾಶೆ ಅವರಿಗೆ ಸಂದಿತು. 2011ರಲ್ಲಿ ಪದ್ಮಶ್ರೀಯೂ ಬಂದಿತು. 2018ರಲ್ಲಿ ಅವರು ನಿಧನರಾದರು. (ಡಹಾಣೂ 2014ರಲ್ಲಿ ಹೊಸ ಪಾಲಘರ ಜಿಲ್ಲೆಗೆ ಸೇರಿತು. ಹಳೆಯ ದಾಖಲೆಗಳಲ್ಲಿ ಬರುವ 'ಠಾಣೆ' ಎಂಬ ಹೆಸರನ್ನು ಆ ಎಚ್ಚರದಿಂದಲೇ ಓದಬೇಕು.)

ಆದರೆ ಈ ಕಲೆ ಮೂಲತಃ ಸ್ತ್ರೀಯರದು. ಮದುವೆಯ ಮನೆಯ ಮಣ್ಣುಗೋಡೆಯ ಮೇಲೆ ಮುತ್ತೈದೆಯರು ಅಕ್ಕಿಹಿಟ್ಟನ್ನು ಕಲಸಿ, ತುದಿ ಜಜ್ಜಿದ ಬಿದಿರುಕಡ್ಡಿಯಿಂದ 'ಲಗ್ನಚೌಕ'ವನ್ನು ಬರೆಯುತ್ತಾರೆ. ಚೌಕದ ನಡುವೆ ಪಾಲಘಟ ದೇವಿ. ಪಕ್ಕದ ದೇವಚೌಕದಲ್ಲಿ ಕುದುರೆಯೇರಿದ ಐದು ತಲೆಯ ಪಂಚಶಿರ್ಯಾ. ವಿವಾಹವನ್ನು ನಡೆಸುವ ಪುರೋಹಿತೆ 'ಧವಳೇರಿ'ಯೂ ಹೆಂಗಸೇ. ಅವಳ ಹಾಡಿಲ್ಲದೆ ವಿಧಿ ಪೂರ್ಣವಾಗದು. 1970ರ ದಶಕದ ಆರಂಭದಲ್ಲಿ ಕಲಾವಿದ ಭಾಸ್ಕರ ಕುಲಕರ್ಣಿ ಇಲ್ಲಿಗೆ ಬಂದು ಕಾಗದವನ್ನು ಹಂಚಿದಾಗ ಚಿತ್ರ ಗೋಡೆಯಿಂದ ಇಳಿಯಿತು. ಕಾಗದಕ್ಕೆ ಸಹಿ ಬೇಕು, ಪ್ರಶಸ್ತಿಗೆ ಹೆಸರು ಬೇಕು. ಗೋಡೆಗೆ ಎರಡೂ ಬೇಕಿರಲಿಲ್ಲ.

ಮ್ಹಾಶೆಯವರ ಸಾಧನೆಯನ್ನು ಕುಗ್ಗಿಸುವುದು ನಮ್ಮ ಉದ್ದೇಶವಲ್ಲ. ಮೀನಿನ ಬಲೆಯನ್ನು ಎಳೆಎಳೆಯಾಗಿ ಹರಡಿದ ಅವರ ಚಿತ್ರಗಳು ವಿಧಿಯ ಚೌಕಟ್ಟಿನಾಚೆಗೆ ಆ ರೇಖೆಯ ಶಕ್ತಿಯನ್ನು ತೋರಿಸಿದವು. ನಮ್ಮ ತಕರಾರು ದಾಖಲೆಯ ಕ್ರಮಕ್ಕೆ ಸಂಬಂಧಿಸಿದ್ದು. ಬೇಲೂರಿನ ವಿಗ್ರಹಗಳ ಕೆಳಗೆ ಬಳ್ಳಿಗಾವೆಯ ದಾಸೋಜನ ಹೆಸರುಂಟು, ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರುಂಟು. ಕಲ್ಲು ಉಳಿಯಿತು, ಹೆಸರೂ ಉಳಿಯಿತು. ಮದುವೆ ಮುಗಿದ ಮೇಲೆ ಮಾಸುವ ಚಿತ್ರಕ್ಕೆ ಅಂಥ ಭಾಗ್ಯವಿಲ್ಲ.

ಫಿಲಿಪ್ಪೀನ್ಸ್ ದೇಶವು 1992ರ ಕಾಯಿದೆಯ ಮೂಲಕ ಸ್ಥಾಪಿಸಿದ ಜನಪದ ಕಲಾವಿದರ ರಾಷ್ಟ್ರಗೌರವ ಇಲ್ಲಿ ಉಲ್ಲೇಖಾರ್ಹ. ಅಲ್ಲಿ ಗೌರವ ಪಡೆದವರು ತಮ್ಮ ವಿದ್ಯೆಯನ್ನು ಕಿರಿಯರಿಗೆ ಕಲಿಸಬೇಕು; ಅದಕ್ಕಾಗಿ ಜೀವನಪರ್ಯಂತ ಮಾಸಾಶನವೂ ಉಂಟು. 1998ರಲ್ಲಿ ಆ ಗೌರವಕ್ಕೆ ಪಾತ್ರಳಾದ ಟಿಬೋಲಿ ಬುಡಕಟ್ಟಿನ ನೇಕಾರ್ತಿ ಲಾಂಗ್ ದುಲಾಯ್ ಮಗ್ಗದ ಮುಂದೆಯೇ ಗುರುವಾದಳು. ನಮ್ಮ ಪದ್ಮಪ್ರಶಸ್ತಿ ಇಂಥ ಹೊಣೆಯನ್ನು ಹೊರಿಸುವುದಿಲ್ಲ, ಅದಕ್ಕೆ ತಕ್ಕ ಆಸರೆಯನ್ನೂ ಕೊಡುವುದಿಲ್ಲ. ಅದು ವ್ಯಕ್ತಿಯನ್ನು ಗುರುತಿಸುತ್ತದೆ, ಪರಂಪರೆಯನ್ನು ವ್ಯಕ್ತಿಯ ಪಾಲಿಗೆ ಬಿಡುತ್ತದೆ.

ಕನ್ನಡ ಸಂಶೋಧಕರಿಗೆ ಈ ಪ್ರಶ್ನೆ ದೂರದ್ದಲ್ಲ. ಸಾಗರ, ಸೊರಬದ ಸೀಮೆಯ ದೀವರ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ ಬರೆಯುವ ಹಸೆಚಿತ್ತಾರವೂ ಮದುವೆಯದೇ, ಅದರ ಬಿಳುಪೂ ಅಕ್ಕಿಹಿಟ್ಟಿನದೇ. ಎರಡನ್ನೂ ಮುಂದಿಟ್ಟು ನೋಡುವ ಕೆಲಸಕ್ಕೆ ಠಾಣೆ, ಕಲ್ಯಾಣ, ಡೊಂಬಿವಲಿ, ನವಿಮುಂಬಯಿಗಳಲ್ಲಿರುವ ಕನ್ನಡಿಗರಿಗಿಂತ ಅನುಕೂಲವಾದ ನೆಲೆ ಯಾರಿಗಿದೆ? ವಾರ್ಲಿ ಪಾಡಾಗಳು ಅವರಿಗೆ ಒಂದು ದಿನದ ಪಯಣದಲ್ಲಿವೆ. ಚಿತ್ರದ ಛಾಯಾಚಿತ್ರಗಳು ಈಗಾಗಲೇ ಸಾಕಷ್ಟಿವೆ. ಬೇಕಾಗಿರುವುದು ಹಿಟ್ಟು ಕಲಸಿದವಳು ಯಾರು, ಚೌಕದ ಅಂಚನ್ನು ಬರೆದವಳು ಯಾರು, ಅವಳಿಗೆ ಅದನ್ನು ಕಲಿಸಿದವಳು ಯಾರು, ಆಗ ಧವಳೇರಿ ಹಾಡಿದ್ದು ಏನು ಎಂಬ ಬರಹ.