ಉಕ್ಕಿನಲ್ಲಿ ಹೈಡ್ರೋಜನ್ ಭಿದುರತೆ

ಹೈಡ್ರೋಜನ್ ಭಿದುರತೆ ಎಂಬುದು ಹೈಡ್ರೋಜನ್ ಪರಮಾಣುಗಳು ಉಕ್ಕಿನೊಳಗೆ ಸೇರಿ ಅದರ ತನ್ಯತೆಯನ್ನು ಕುಗ್ಗಿಸುವ, ಅದು ಸಹಿಸಬೇಕಾದುದಕ್ಕಿಂತ ಕಡಿಮೆ ಹೊರೆಯಲ್ಲಿಯೇ ಬಿರಿಯುವಂತೆ ಮಾಡುವ ವಿದ್ಯಮಾನ. ತೂಕದಲ್ಲಿ ಹತ್ತು ಲಕ್ಷ ಭಾಗಕ್ಕೆ ಕೆಲವೇ ಭಾಗಗಳಷ್ಟು ಹೈಡ್ರೋಜನ್ ಇದ್ದರೂ ಸಾಕು. ಮೆದು ಉಕ್ಕು ಬಹುಮಟ್ಟಿಗೆ ಪಾರಾಗುತ್ತದೆ. ಬಲವಾದ ಉಕ್ಕೇ ಇದಕ್ಕೆ ಹೆಚ್ಚು ತುತ್ತಾಗುತ್ತದೆ. ಗದಗ ಜಿಲ್ಲೆಯ ಗಜೇಂದ್ರಗಡದ ಸುತ್ತಲಿನ ಗುಡ್ಡಗಳಲ್ಲಿ ಕಾಣುವಂಥ ಗಾಳಿಯಂತ್ರಗಳ ಬೋಲ್ಟುಗಳ ತಯಾರಿಕೆಯಲ್ಲಿ ಇದು ಮುಖ್ಯ ಎಚ್ಚರಿಕೆಯ ವಿಷಯ.

ಇತಿಹಾಸ

1875ರಲ್ಲಿ ಡಬ್ಲ್ಯು. ಎಚ್. ಜಾನ್ಸನ್ ಅವರು ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಇದನ್ನು ವಿವರಿಸಿದರು. ಆಮ್ಲದಲ್ಲಿ ಅದ್ದಿ ತೆಗೆದ ತಂತಿ ಬಾಗಿಸಿದರೆ ಸುಲಭವಾಗಿ ಮುರಿಯುತ್ತಿತ್ತು. ಮುರಿದ ಮುಖವನ್ನು ಒದ್ದೆ ಮಾಡಿದರೆ ಗುಳ್ಳೆಗಳು ಏಳುತ್ತಿದ್ದವು. ಅದೇ ತಂತಿಯನ್ನು ಕೆಲಕಾಲ ಬಿಟ್ಟರೆ ಅಥವಾ ಕಾಯಿಸಿದರೆ ಮೊದಲಿನ ಗುಣ ಮರಳುತ್ತಿತ್ತು.

ವಿರೂಪಣೆಯ ಮೇಲಿನ ಪರಿಣಾಮ

ಉಕ್ಕು ಮುರಿಯದೆ ಬಾಗುವುದು ಅದರ ಹರಳುಗಳಲ್ಲಿನ ರೇಖಾದೋಷಗಳು, ಅಂದರೆ ಡಿಸ್‌ಲೊಕೇಶನ್‌ಗಳು, ಸರಿಯುವುದರಿಂದ. ಒಂದು ವಿವರಣೆಯ ಪ್ರಕಾರ ಹೈಡ್ರೋಜನ್ ಈ ಚಲನೆಯನ್ನು ಸುಲಭಗೊಳಿಸುತ್ತದೆ. ಇದು ವಿಚಿತ್ರವೆನಿಸಬಹುದು: ಸುಲಭವಾಗಿ ಸರಿಯುವ ಲೋಹ ಮುರಿಯುವುದೇಕೆ? ಸರಿತವೆಲ್ಲ ಕೆಲವೇ ಕಿರಿದಾದ ಪಟ್ಟಿಗಳಲ್ಲಿ ಸೇರಿಕೊಂಡು ಅಲ್ಲಿಯೇ ಬಿರುಕು ಹುಟ್ಟುತ್ತದೆ. ಉಳಿದ ಭಾಗ ಬಾಗುವ ಮೊದಲೇ ವಸ್ತು ಒಡೆದಿರುತ್ತದೆ. ಇನ್ನೊಂದು ವಿವರಣೆಯಂತೆ ಹೈಡ್ರೋಜನ್ ಪರಮಾಣುಗಳ ನಡುವಿನ ಬಂಧವನ್ನೇ ಸಡಿಲಿಸುತ್ತದೆ. ಎರಡೂ ಒಟ್ಟಿಗೆ ನಡೆಯಬಲ್ಲವು.

ಎಳೆದು ಪರೀಕ್ಷಿಸಿದಾಗ ಉಕ್ಕು ಬಾಗತೊಡಗುವ ಹಂತದ ಬಲ ಹೆಚ್ಚು ಬದಲಾಗದೆ, ಮುರಿಯುವ ಮುನ್ನಿನ ಹಿಗ್ಗುವಿಕೆ ಮಾತ್ರ ತೀರ ಇಳಿಯಬಹುದು. ನಿಧಾನವಾಗಿ ಎಳೆದಷ್ಟೂ ದೋಷ ಸ್ಪಷ್ಟವಾಗುತ್ತದೆ, ಏಕೆಂದರೆ ಬಿರುಕಿನ ತುದಿಗೆ ಹರಿದು ಬರಲು ಹೈಡ್ರೋಜನ್‌ಗೆ ಸಮಯ ಬೇಕು. ಸುತ್ತಿಗೆಯ ಹೊಡೆತದಂಥ ಕ್ಷಿಪ್ರ ಪರೀಕ್ಷೆಯಲ್ಲಿ ಅದು ತೋರದೆಯೇ ಹೋಗಬಹುದು.

ಸೂಕ್ಷ್ಮರಚನೆ

ಕಾಯಿಸಿ ಥಟ್ಟನೆ ತಣಿಸಿದ ಉಕ್ಕಿನ ಮಾರ್ಟೆನ್ಸೈಟ್ ರಚನೆ ಅತ್ಯಂತ ದುರ್ಬಲ. ಅಲ್ಲಿ ಬಿರುಕು ಅನೇಕವೇಳೆ ಹಳೆಯ ಹರಳುಗಳ ಗಡಿಯನ್ನೇ ಹಿಡಿದು ಸಾಗುತ್ತದೆ. ಟೈಟಾನಿಯಂ, ವೆನೇಡಿಯಂಗಳ ಸೂಕ್ಷ್ಮ ಕಾರ್ಬೈಡ್ ಕಣಗಳು ಹೈಡ್ರೋಜನನ್ನು ಹಿಡಿದಿಟ್ಟು ಅದರ ಓಡಾಟವನ್ನು ತಡೆಯುತ್ತವೆ. ಆಸ್ಟೆನೈಟ್ ರಚನೆಯಲ್ಲಿ ಹೈಡ್ರೋಜನ್ ಬಹಳ ನಿಧಾನವಾಗಿ ಚಲಿಸುತ್ತದೆ.

ಬೋಲ್ಟುಗಳು ಮತ್ತು ತಡವಾದ ಮುರಿತ

ಗಾಳಿಯಂತ್ರದ ಗೋಪುರದ ತುಂಡುಗಳನ್ನು ಜೋಡಿಸಲು ಸಾಮಾನ್ಯವಾಗಿ 10.9 ದರ್ಜೆಯ ಬೋಲ್ಟುಗಳನ್ನು ಬಳಸುತ್ತಾರೆ. ಇವುಗಳ ಕರ್ಷಣ ಬಲ ಸುಮಾರು 1000 ಮೆಗಾಪಾಸ್ಕಲ್. ತುಕ್ಕು ತಡೆಯಲು ಸತುವಿನ ಲೇಪ ಬೇಕು. ಲೇಪಕ್ಕೆ ಮೊದಲು ಆಮ್ಲದಲ್ಲಿ ತೊಳೆದರೆ ಹೈಡ್ರೋಜನ್ ಒಳಹೊಗುತ್ತದೆ. ಹೀಗೆ ರಕ್ಷಣೆಯ ಕ್ರಮವೇ ಅಪಾಯಕ್ಕೆ ದಾರಿಯಾಗುತ್ತದೆ. ಬಿಗಿದ ದಿನ ಗಟ್ಟಿಯಾಗಿದ್ದ ಬೋಲ್ಟು ಗಂಟೆಗಳ ಅಥವಾ ದಿನಗಳ ನಂತರ, ಯಾರೂ ಮುಟ್ಟದಿದ್ದರೂ ಮುರಿಯಬಹುದು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ-ಓಕ್ಲೆಂಡ್ ಬೇ ಸೇತುವೆಯಲ್ಲಿ 2013ರ ಮಾರ್ಚ್‌ನಲ್ಲಿ ಬಿಗಿದ 96 ಸತುಲೇಪಿತ ಸರಳುಗಳಲ್ಲಿ 32 ಕೆಲವೇ ದಿನಗಳಲ್ಲಿ ಮುರಿದವು. ಬಿಗಿಯುವ ಮುನ್ನ ಅವು ವರ್ಷಗಳ ಕಾಲ ನೀರು ನಿಂತ ಕುಳಿಗಳಲ್ಲಿದ್ದವು.

ತಡೆಯುವ ವಿಧಾನ

ಆಮ್ಲದ ಬದಲು ಉಕ್ಕಿನ ಗುಂಡುಗಳನ್ನು ಸಿಡಿಸಿ ಮೇಲ್ಮೈ ಶುಚಿಗೊಳಿಸುವುದು, ವಿದ್ಯುತ್ ಬಳಸದೆ ಸತುವಿನ ಹಳಕುಗಳ ಲೇಪ ಹಾಕುವುದು ರೂಢಿಯಲ್ಲಿವೆ. ವಿದ್ಯುಲ್ಲೇಪನ ಮಾಡಿದ್ದರೆ ತಡಮಾಡದೆ ಸುಮಾರು 190ರಿಂದ 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಲವು ಗಂಟೆ ಕಾಯಿಸುತ್ತಾರೆ. ಆದರೆ ಆಗಲೇ ಹುಟ್ಟಿರುವ ಬಿರುಕು ಕಾಯಿಸುವುದರಿಂದ ಕೂಡುವುದಿಲ್ಲ.