ರೋಗಕ್ಕೆ ಊರಿನ ಹೆಸರು

1968ರ ಅಕ್ಟೋಬರ್ ತಿಂಗಳಲ್ಲಿ ಅಮೆರಿಕದ ಒಹಾಯೋ ರಾಜ್ಯದ ನಾರ್ವಾಕ್ ಎಂಬ ಊರಿನ ಶಾಲೆಯೊಂದರಲ್ಲಿ ಅರ್ಧದಷ್ಟು ಮಕ್ಕಳೂ ಶಿಕ್ಷಕರೂ ಒಂದೆರಡು ದಿನಗಳೊಳಗೆ ವಾಂತಿಭೇದಿಗೆ ತುತ್ತಾದರು. ಪರೀಕ್ಷಿಸಿದಾಗ ಯಾವ ಬ್ಯಾಕ್ಟೀರಿಯಾವೂ ಸಿಗಲಿಲ್ಲ. ಕಾದಿರಿಸಿದ್ದ ಮಾದರಿಗಳ ಬೆನ್ನುಹತ್ತಿದ ವಿಜ್ಞಾನಿ ಆಲ್ಬರ್ಟ್ ಕಪಿಕಿಯಾನ್ 1972ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂಲಕ ಅಪರಾಧಿಯನ್ನು ಕಂಡರು. ಅದು ಕೇವಲ 27 ನ್ಯಾನೋಮೀಟರ್ ಗಾತ್ರದ ಒಂದು ವೈರಸ್. ನಾರ್ವಾಕ್ ಎಂಬ ಹೆಸರೇ ಮುಂದೆ ಮೊಟಕಾಗಿ ‘ನೋರೋ ವೈರಸ್’ ಆಯಿತು.

ಆದರೆ ಈ ರೋಗ ಹುಟ್ಟಿದ್ದು ನಾರ್ವಾಕ್‌ನಲ್ಲೇ? ಖಂಡಿತ ಅಲ್ಲ. ಚಳಿಗಾಲದಲ್ಲಿ ಬರುವ ಇಂಥದೇ ವಾಂತಿಯ ಕಾಯಿಲೆಯನ್ನು ಜಾನ್ ಜಹೋರ್‍ಸ್ಕಿ ಎಂಬ ವೈದ್ಯರು 1929ರಲ್ಲೇ ವರ್ಣಿಸಿದ್ದರು. ನಾರ್ವಾಕ್ ಮಾಡಿದ ತಪ್ಪೇನೂ ಇರಲಿಲ್ಲ. ಅಲ್ಲಿನ ಕಾಯಿಲೆಯನ್ನು ಯಾರೋ ಗಮನವಿಟ್ಟು ನೋಡಿದರು, ಅಷ್ಟೆ.

1990ರಲ್ಲಿ ಹ್ಯೂಸ್ಟನ್ ನಗರದಲ್ಲಿ ಮೇರಿ ಎಸ್ಟೀಸ್ ಮತ್ತು ಸಂಗಡಿಗರು ಈ ವೈರಸ್ಸಿನ ವಂಶವಾಹಿಯನ್ನು ಬಿಡಿಸಿ ಓದುವ ದಾರಿ ತೆರೆದರು. ಸುಮಾರು ಏಳೂವರೆ ಸಾವಿರ ಅಕ್ಷರಗಳ ಪುಟ್ಟ ಗ್ರಂಥವದು. ವೈರಸ್ ತನ್ನನ್ನು ತಾನು ನಕಲು ಮಾಡಿಕೊಳ್ಳುವಾಗ ಅಕ್ಷರದೋಷಗಳಾಗುತ್ತವೆ; ತಿದ್ದುವವರಿಲ್ಲ. ಕೆಲವು ದೋಷಗಳು ಅದರ ಹೊರಕವಚವನ್ನೇ ಬದಲಿಸುತ್ತವೆ. ಹಳೆಯ ಕವಚವನ್ನು ನೆನಪಿಟ್ಟುಕೊಂಡ ನಮ್ಮ ದೇಹದ ಕಾವಲುಗಾರರು ಹೊಸ ವೇಷವನ್ನು ಗುರುತಿಸದೆ ಸೋಲುತ್ತಾರೆ. ಈ ಅಕ್ಷರದೋಷಗಳೇ ವಿಜ್ಞಾನಿಗಳಿಗೆ ಸುಳಿವು ಕೂಡ. ಎರಡು ಊರುಗಳ ರೋಗಿಗಳಲ್ಲಿ ಒಂದೇ ಬಗೆಯ ದೋಷಗಳು ಕಂಡರೆ ಸೋಂಕಿನ ಮೂಲವೂ ಒಂದೇ ಇರಬಹುದೆಂದು ಊಹಿಸಿ, ಅವರು ತಿಂದ ಆಹಾರ, ಕುಡಿದ ನೀರನ್ನು ಶೋಧಿಸಬಹುದು.

ಹೀಗೆ ಓದುತ್ತಾ ಹೋದಾಗ ಎರಡನೆಯ ಗುಂಪಿನ ನಾಲ್ಕನೆಯ ತಳಿ ಕೆಲವು ವರ್ಷಗಳಿಗೊಮ್ಮೆ ವೇಷ ಬದಲಿಸಿ ಲೋಕ ಸುತ್ತುವುದು ತಿಳಿಯಿತು. 2002ರ ವೇಷಕ್ಕೆ ಫಾರ್ಮಿಂಗ್ಟನ್ ಹಿಲ್ಸ್, 2004ರದಕ್ಕೆ ಹಂಟರ್, 2006ರದಕ್ಕೆ ಡೆನ್ ಹಾಗ್, 2009ರದಕ್ಕೆ ನ್ಯೂ ಆರ್ಲಿಯನ್ಸ್, 2012ರದಕ್ಕೆ ಸಿಡ್ನಿ ಎಂಬ ಹೆಸರುಗಳು ಬಂದವು. ಎಲ್ಲವೂ ಅಮೆರಿಕ, ಆಸ್ಟ್ರೇಲಿಯಾ, ನೆದರ್ಲೆಂಡ್ಸ್‌ನ ಸ್ಥಳಗಳು. ಒಳ್ಳೆಯ ಪ್ರಯೋಗಾಲಯಗಳಿರುವ ನಾಡುಗಳು!

ಈ ಪಟ್ಟಿಯನ್ನು ನಾವು ರೋಗದ ಹುಟ್ಟೂರುಗಳ ಪಟ್ಟಿಯೆಂದು ಓದಿದರೆ ಮೋಸ ಹೋಗುತ್ತೇವೆ. ಅದು ಮೊದಲು ಓದಿದವರ ಪಟ್ಟಿ. 1918ರ ಮಹಾ ಜ್ವರಕ್ಕೆ ಸ್ಪೇನಿನ ಹೆಸರು ಅಂಟಿದ್ದೂ ಹೀಗೆಯೇ. ಯುದ್ಧನಿರತ ದೇಶಗಳು ಸುದ್ದಿಯನ್ನು ಅದುಮಿಟ್ಟವು. ಯುದ್ಧದಿಂದ ಹೊರಗಿದ್ದ ಸ್ಪೇನಿನ ಪತ್ರಿಕೆಗಳು ಬರೆದವು. ನಿಜ ನುಡಿದವರಿಗೇ ಕಳಂಕ ಉಳಿಯಿತು. ಹೊಸ ರೋಗಗಳಿಗೆ ಊರು, ಜನಾಂಗಗಳ ಹೆಸರಿಡಬೇಡಿರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2015ರಲ್ಲಿ.

ನಮ್ಮ ನೆರೆಯ ವಯನಾಡಿನಲ್ಲಿ 2021ರ ನವೆಂಬರ್‌ನಲ್ಲಿ ಕಾಲೇಜು ವಿದ್ಯಾರ್ಥಿಗಳಲ್ಲಿ ನೋರೋ ವೈರಸ್ ದೃಢಪಟ್ಟಾಗ, ಹೊಸ ಮಾರಿಯೊಂದು ಬಂತೆಂಬಂತೆ ಹಲವರು ಬೆಚ್ಚಿದರು. ಆದರೆ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಅದಕ್ಕೂ ಎಷ್ಟೋ ವರ್ಷ ಮೊದಲೇ ಮಕ್ಕಳಲ್ಲಿ ಅದನ್ನು ಗುರುತಿಸಿದ್ದರು. ವೈರಸ್ ನಮ್ಮ ನಡುವೆಯೇ ಇತ್ತು. ಹೆಸರಷ್ಟೇ ನಮಗೆ ಹೊಸದು.

ಈ ವೈರಸ್ ವರ್ಷಕ್ಕೆ ಸುಮಾರು 2 ಲಕ್ಷ ಜೀವಗಳನ್ನು ಬಲಿ ಪಡೆಯುತ್ತದೆಂದು ಅಂದಾಜು. ಅವರಲ್ಲಿ ಸುಮಾರು 50 ಸಾವಿರ ಮಂದಿ ಪುಟ್ಟ ಮಕ್ಕಳು, ಅದೂ ಬಹುಪಾಲು ಬಡ ದೇಶಗಳಲ್ಲಿ. ಆ ಮನೆಗಳಲ್ಲಿ ಅದಕ್ಕೆ ಸಿಡ್ನಿ ಎಂಬ ಹೆಸರೂ ಇಲ್ಲ, ನಾರ್ವಾಕ್ ಎಂಬ ಹೆಸರೂ ಇಲ್ಲ. ‘ಹೊಟ್ಟೆ ಕೆಟ್ಟು ಮಗು ಹೋಯಿತು’ ಎಂಬ ಒಂದು ಮಾತು, ಅಷ್ಟೆ. ರೋಗ ಯಾವ ಊರಿನದೆಂದು ಬೆರಳು ತೋರುವುದರಲ್ಲಿ ನಾವು ಚುರುಕು. ನಮ್ಮೂರಿನ ನೀರನ್ನು ಪರೀಕ್ಷಿಸುವವರು ಯಾರು, ನಮ್ಮ ಮಕ್ಕಳ ರೋಗವನ್ನು ಓದುವವರು ಯಾರು ಎಂದು ಕೇಳುವುದರಲ್ಲಿ ಆ ಚುರುಕುತನ ಕಾಣುವುದು ಯಾವಾಗ?