ಕಿಲ್ಲಾರಿಯ ಗೋಡೆಗಳೂ ಗೌಂಡಿಯ ವಿದ್ಯೆಯೂ

ಸೋಲಾಪುರಕ್ಕೆ ಈಶಾನ್ಯದಲ್ಲಿ, ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತ 1993ರ ಸೆಪ್ಟೆಂಬರ್ 30ರಂದು ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ಭೂಮಿ ನಡುಗಿತು. ಹಿಂದಿನ ದಿನವಷ್ಟೇ ಗಣಪತಿಯ ವಿಸರ್ಜನೆ ಮುಗಿಸಿ ಜನರು ಮಲಗಿದ್ದರು. ಕಂಪನದ ಪ್ರಮಾಣ 6.2, ಮಡಿದವರು ಸುಮಾರು 8,000. ಅಂದಿನ ಭೂಕಂಪ ನಕ್ಷೆಯಲ್ಲಿ ಈ ಸೀಮೆಯು ಅತ್ಯಂತ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿತ್ತು. 2002ರ ಪರಿಷ್ಕರಣದಲ್ಲಿ ಮೂರನೆಯದಕ್ಕೆ ಸೇರಿತು.

ಅಷ್ಟು ಜನರನ್ನು ಕೊಂದುದು ಭೂಮಿಯಲ್ಲ, ಮನೆ. ನಮ್ಮ ಅಕ್ಕಲಕೋಟೆಯ ಕಡೆಯೂ ಪರಿಚಿತವಾದ ಮೇಲ್ಮುದ್ದೆಯ ಮನೆಗಳವು. ಗೋಡೆ ಎರಡಡಿಗೂ ಮಿಕ್ಕಿ ದಪ್ಪ. ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು, ನಡುವೆ ಮಣ್ಣು ಜಲ್ಲಿ. ಎರಡು ಮೈಗಳನ್ನು ಬೆಸೆಯುವ ಅಡ್ಡಗಲ್ಲಿಲ್ಲ. ನಡುಕಕ್ಕೆ ಅವು ಬೇರೆ ಬೇರೆಯಾಗಿ ಉಬ್ಬಿ ಉರುಳಿದವು. ಮಾಡನ್ನು ಹೊತ್ತ ಮರದ ಕಂಬಗಳು ಮಾತ್ರ ಹಲವೆಡೆ ನಿಂತೇ ಇದ್ದವೆಂಬುದು ಗಮನಾರ್ಹ.

ಬಳಿಕ ಜನರು ಕಲ್ಲನ್ನೇ ಶಪಿಸಿದರು. ಇದು ಅನ್ಯಾಯ. ಅದೇ ವರ್ಷ ಭಾರತೀಯ ಮಾನಕ ಸಂಸ್ಥೆಯು ಪ್ರಕಟಿಸಿದ 13828ನೆಯ ಮಾನಕವು ಕಲ್ಲಿನ ಗೋಡೆಯನ್ನು ನಿಷೇಧಿಸಲಿಲ್ಲ. ಎರಡಡಿ ಎತ್ತರಕ್ಕೊಮ್ಮೆ, ನಾಲ್ಕಡಿಗೆ ಮೀರದ ಅಂತರದಲ್ಲಿ ಗೋಡೆಯ ದಪ್ಪಕ್ಕೆ ಸರಿಯಾದ ಅಡ್ಡಗಲ್ಲನ್ನು ಇಡಬೇಕೆಂದಿತು. ಬಾಗಿಲಿನ ಮೇಲ್ಮಟ್ಟದಲ್ಲಿ ಮನೆಯ ಸುತ್ತ ಕಾಂಕ್ರೀಟಿನ ಪಟ್ಟಿಯನ್ನೂ ವಿಧಿಸಿತು.

ನಿಂತ ಮನೆಗೆ ಇದನ್ನು ಸೇರಿಸುವುದೇ ಕಠಿಣ. ಗೋಡೆಯ ಕಲ್ಲನ್ನು ಸುತ್ತಿಗೆಯಿಂದ ಬಡಿಯದೆ ಮೆಲ್ಲನೆ ಅಲುಗಿಸಿ ತೆಗೆದು, ಆ ರಂಧ್ರದಲ್ಲಿ ಕೊಕ್ಕೆಯ ಕಬ್ಬಿಣದ ಸರಳನ್ನಿಟ್ಟು ಕಾಂಕ್ರೀಟ್ ತುಂಬಬೇಕು. ಅರಿಯದ ಕೈ ಬಿದ್ದರೆ ಬಲಪಡಿಸಹೋದ ಗೋಡೆಯೇ ಕುಸಿದೀತು. ಆದುದರಿಂದ, ವಿಶ್ವಬ್ಯಾಂಕಿನ ಸಾಲದಿಂದ ಮಹಾರಾಷ್ಟ್ರ ಸರಕಾರ ನಡೆಸಿದ ಪುನರ್ವಸತಿ ಯೋಜನೆಯಲ್ಲಿ ಗೌಂಡಿಗಳಿಗೆ ಶಿಕ್ಷಣವಿತ್ತರು. 52 ಗ್ರಾಮಗಳನ್ನು ಬೇರೆಡೆ ಕಟ್ಟಿಸಲಾಯಿತು. ಉಳಿದೆಡೆ ದುರಸ್ತಿಯ ಹೊಣೆ ಮನೆಯೊಡೆಯನದೇ. ಗೌಂಡಿಯನ್ನು ಆರಿಸುವವನು ಅವನು. ಇಂಜಿನಿಯರು ನೋಡಿ ಒಪ್ಪಿದ ಮೇಲೆ ಹಣ ಕಂತುಕಂತಾಗಿ ಬರುತ್ತಿತ್ತು.

ಆದರೆ ಅನೇಕರು ಆ ಹಣದಲ್ಲಿ ಪಕ್ಕಕ್ಕೊಂದು ಹೊಸ ಕೋಣೆಯನ್ನು ಕಟ್ಟಿಸಿಕೊಂಡರು. ಹಳೆಯ ಗೋಡೆಯ ಮೇಲಿನ ಭಯವೇ ಇದಕ್ಕೆ ಕಾರಣವೆನ್ನಬೇಕು. ಗಿಲಾವಿನೊಳಗೆ ಅಡಗುವ ಕೊಕ್ಕೆಗಿಂತ ಕಣ್ಣಿಗೆ ಕಾಣುವ ಕೋಣೆ ಯಾರಿಗೆ ಬೇಡ? ಅಡ್ಡಗಲ್ಲಿಲ್ಲದ ಹಳೆಯ ಗೋಡೆಗಳು ಅದರ ಮಗ್ಗುಲಲ್ಲಿಯೇ ಉಳಿದವು.